ಯಾವ ಹುಳಕ್ಕೆ ಯಾವ ಮದ್ದು?

ಸಂತೆಯ ದಿನ ಪಶು ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಹುಳದ ಔಷಧಿ ಕೊಡಿ." ಅಂಗಡಿಯವರು ಬಾಟಲಿ ಎತ್ತಿಕೊಡುತ್ತಾರೆ, ರೈತರು ದುಡ್ಡು ಕೊಟ್ಟು ಹೊರಡುತ್ತಾರೆ. ಕುರಿಗೋ ಮೇಕೆಗೋ, ತೂಕ ಎಷ್ಟು, ಗಬ್ಬವಾಗಿದೆಯೇ, ಹಾಲು ಕೊಡುತ್ತಿದೆಯೇ, ಹೋದ ಸಲ ಕುಡಿಸಿದ್ದು ಯಾವುದು ಎಂಬ ಪ್ರಶ್ನೆಗಳು ಅಪರೂಪ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಯಾವ ಹುಳ ಎಂಬುದು, ಇನ್ನೂ ಅಪರೂಪ. ಪಟ್ಟಣದಲ್ಲಿ ನಾಯಿ, ಬೆಕ್ಕು ಸಾಕಿದವರ ಮನೆಯಲ್ಲೂ ಪರಿಸ್ಥಿತಿ ಇದಕ್ಕಿಂತ ಹೆಚ್ಚೇನೂ ಬೇರೆಯಲ್ಲ. ಮೂರು ತಿಂಗಳಿಗೊಂದು ಮಾತ್ರೆ ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡವರೇ ಬಹಳ.

ನಮ್ಮಲ್ಲಿ ಪರಾವಲಂಬಿ ರೋಗಗಳ ಚಿಕಿತ್ಸೆ ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ನಡೆದುಬಿಡುತ್ತದೆ. ಒಳ್ಳೆಯ ಔಷಧಿಗಳು ಸಿಗುತ್ತಿವೆ, ಬೆಲೆಯೂ ಕೈಗೆಟುಕುವಂತಿದೆ. ಆದರೂ ಕುರಿ ಸಾಯುತ್ತದೆ, ಮಿಶ್ರತಳಿ ಹಸು ಜ್ವರ ಹಿಡಿದು ಮಲಗುತ್ತದೆ, ನಾಯಿಮರಿ ಬಿಳುಚಿಕೊಂಡು ತೀರಿಕೊಳ್ಳುತ್ತದೆ. ಕಾರಣ ಹುಡುಕುತ್ತ ಹೋದರೆ ಹೆಚ್ಚಿನ ಸಲ ಸಿಗುವುದು ಮದ್ದಿನ ಕೊರತೆಯಲ್ಲ, ಒಂದು ಚಮಚ ಸಗಣಿಯನ್ನೋ ಒಂದು ಹನಿ ರಕ್ತವನ್ನೋ ಯಾರೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿರಲಿಲ್ಲ ಎಂಬ ಸಂಗತಿ.

ಕಣ್ಣಿಗೆ ಕಾಣುವ ಹುಳಕ್ಕೆ ಎಲ್ಲರೂ ಹೆದರುತ್ತಾರೆ. ಕುರಿಮರಿಯ ಹಿಕ್ಕೆಯಲ್ಲಿ ಬೇಯಿಸಿದ ಅಕ್ಕಿಯಂಥ ಬಿಳಿ ತುಣುಕುಗಳು ಕಂಡರೆ ಅಂದೇ ಔಷಧಿ ಬರುತ್ತದೆ. ಅವು ಮೊನೀಜಿಯಾ ಎಂಬ ಲಾಡಿಹುಳುವಿನ ತುಂಡುಗಳು. ತೀರಾ ಹೆಚ್ಚಾದರೆ ಮರಿ ಸೊರಗಬಹುದು, ಆದರೆ ಸಾಮಾನ್ಯವಾಗಿ ಅದು ದೊಡ್ಡ ಅಪಾಯವಲ್ಲ. ಮಂದೆಯನ್ನೇ ಮುಗಿಸಬಲ್ಲ ಹುಳು ಹೊರಗೆ ಕಾಣುವುದೇ ಇಲ್ಲ. ಕುರಿಯ ನಾಲ್ಕನೆಯ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಹಿಮಾಂಕಸ್ ಕಂಟಾರ್ಟಸ್ ಅದು. ಹೆಣ್ಣುಹುಳು ಎರಡು ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಕೆಂಪು ಬಿಳಿ ಎಳೆಗಳನ್ನು ಹೊಸೆದ ದಾರದಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಹೀರುವ ರಕ್ತ ಸುಮಾರು 0.05 ಮಿಲಿಲೀಟರ್. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಮಳೆಗಾಲದಲ್ಲಿ ಒಂದು ಕುರಿಯಲ್ಲಿ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಹೋಯಿತು. 30 ಕಿಲೋ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿನ ಆಸುಪಾಸು.

ಈ ಹುಳು ಹತ್ತಿದ ಕುರಿ ಸಾಮಾನ್ಯವಾಗಿ ಭೇದಿ ಮಾಡುವುದಿಲ್ಲ. ಹಿಕ್ಕೆ ಎಂದಿನಂತೆಯೇ ಬೀಳುತ್ತಿರುತ್ತದೆ. ಹೊಟ್ಟೆಹುಳು ಎಂದರೆ ಭೇದಿ ಎಂದುಕೊಂಡ ಕುರಿಗಾಹಿಗೆ ಅನುಮಾನವೇ ಬರುವುದಿಲ್ಲ. ಕುರಿ ಮಂದೆಯ ಹಿಂದೆ ಬೀಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ, ಒಂದು ಬೆಳಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿರುತ್ತದೆ. ದವಡೆಯ ಬಾವು ಕಂಡಾಗಲೂ ಗೊಂದಲ ತಪ್ಪಿದ್ದಲ್ಲ. ಕೆರೆಯಂಚು, ಗದ್ದೆಬಯಲಲ್ಲಿ ಮೇಯ್ದ ಕುರಿಯಲ್ಲಿ ಇದೇ ಬಾವನ್ನು ಪಿತ್ತಜನಕಾಂಗದ ಚಪ್ಪಟೆ ಹುಳು, ಫ್ಯಾಸಿಯೋಲಾ ಜೈಗ್ಯಾಂಟಿಕಾ, ತರಿಸುತ್ತದೆ. ಎರಡೂ ಕುರಿಗಳು ನೋಡಲು ಒಂದೇ. ಐವರ್‌ಮೆಕ್ಟಿನ್ ಮೊದಲನೆಯದನ್ನು ಉಳಿಸಬಹುದು, ಎರಡನೆಯದಕ್ಕೆ ಏನೂ ಮಾಡದು, ಏಕೆಂದರೆ ಚಪ್ಪಟೆ ಹುಳುಗಳ ಮೇಲೆ ಆ ಔಷಧಿ ಕೆಲಸ ಮಾಡುವುದಿಲ್ಲ. "ಇಂಜೆಕ್ಷನ್ ಕೊಡಿಸಿದರೂ ಸತ್ತಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ರಕ್ತಹೀನತೆಯನ್ನು ಪತ್ತೆ ಹಚ್ಚಲು ಪ್ರಯೋಗಾಲಯವೇ ಬೇಕೆಂದಿಲ್ಲ. ದಕ್ಷಿಣ ಆಫ್ರಿಕಾದ ಪಶುವೈದ್ಯ ಫ್ರಾಂಸ್ವಾ ಮಲಾನ್ ರೂಪಿಸಿದ, ಅವರ ಹೆಸರಿನಿಂದಲೇ ಫಮಾಚಾ ಎಂದು ಕರೆಯಲಾಗುವ ವಿಧಾನಕ್ಕೆ ಬೇಕಾದದ್ದು ಒಂದು ಬಣ್ಣದ ಕಾರ್ಡು ಮತ್ತು ಹಗಲ ಬೆಳಕು. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮುಚ್ಚಿ, ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದರೆ ಒಳಪೊರೆ ಹೊರಗೆ ಇಣುಕುತ್ತದೆ. ಅದನ್ನು ಕಾರ್ಡಿನ ಐದು ಬಣ್ಣಗಳ ಜೊತೆ ಹೋಲಿಸಬೇಕು. ಒಂದನೆಯದು ಗಾಢ ಕೆಂಪು, ಐದನೆಯದು ಹೆಚ್ಚುಕಡಿಮೆ ಬಿಳಿ. ನಾಲ್ಕು, ಐದರ ಕುರಿಗೆ ತಡಮಾಡದೆ ಔಷಧಿ ಬೇಕು. ಒಂದು, ಎರಡರದಕ್ಕೆ ಬೇಡ. ನಡುವಿನ ಮೂರು ಬಂದರೆ ಮರಿಯೋ ದೊಡ್ಡದೋ, ಮೈ ಹಿಡಿದಿದೆಯೋ ಸೊರಗಿದೆಯೋ ನೋಡಿ ನಿರ್ಧರಿಸಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡುವುದು ವಾಸಿ. ಕಾರ್ಡಿಲ್ಲದೆ ಬರೀ ನೆನಪಿನ ಮೇಲೆ ಬಣ್ಣ ಹೇಳಲು ಹೋದರೆ ತಪ್ಪಾಗುತ್ತದೆ. ಹಿಮಾಂಕಸ್ ಮುಖ್ಯ ಹುಳುವಾಗಿರುವ ಕಡೆ ಮಾತ್ರ ಈ ವಿಧಾನ ಸಲ್ಲುತ್ತದೆ ಎಂಬುದೂ ನೆನಪಿರಬೇಕು. ಕರ್ನಾಟಕದ ಬಯಲುಸೀಮೆಯ ಕುರಿ ಮೇಕೆಗಳಲ್ಲಿ ಮುಖ್ಯ ಹುಳು ಅದೇ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಒಂದು ಕೋಟಿ ದಾಟಿತ್ತು ಎಂಬುದನ್ನು ನೆನೆದರೆ ಈ ಅಗ್ಗದ ಕಾರ್ಡು ನಮ್ಮ ಹಟ್ಟಿಗಳಿಗೆ ಇನ್ನೂ ತಲುಪದಿರುವುದು ನನಗೆ ಬೇಸರದ ಸಂಗತಿ.

ಸಗಣಿ ಪರೀಕ್ಷೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಆಸ್ಟ್ರೇಲಿಯಾದ ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ರೂಪುಗೊಂಡು 1939ರಲ್ಲಿ ಪ್ರಕಟವಾದ ಮೊಟ್ಟೆ ಎಣಿಸುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಎರಡು ಗ್ರಾಂ ಹಿಕ್ಕೆಯನ್ನು 28 ಮಿಲಿಲೀಟರ್ ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಗೆರೆ ಹಾಕಿದ ಎರಡು ಕೋಣೆಗಳ ಗಾಜಿನ ಪಟ್ಟಿಗೆ ತುಂಬಬೇಕು. ಉಪ್ಪುನೀರು ಭಾರವಾದ್ದರಿಂದ ಹಗುರಾದ ಮೊಟ್ಟೆಗಳು ಐದು ನಿಮಿಷದಲ್ಲಿ ಮೇಲೆ ತೇಲುತ್ತವೆ. ಗೆರೆಗಳ ಒಳಗಿನ ಮೊಟ್ಟೆಗಳನ್ನು ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಎಂಬ ಲೆಕ್ಕ ಸಿಗುತ್ತದೆ. ಉಪ್ಪು, ಜರಡಿ, ಒಂದು ಸಾಧಾರಣ ಸೂಕ್ಷ್ಮದರ್ಶಕ, ಆ ಗಾಜಿನ ಪಟ್ಟಿ: ಸಾಮಗ್ರಿ ಅಷ್ಟೇ. ತಾಲ್ಲೂಕಿನ ಯಾವ ಪಶು ಆಸ್ಪತ್ರೆಯಲ್ಲಾದರೂ ಮಾಡಬಹುದಾದ ಕೆಲಸ.

ಈ ಎಣಿಕೆಗೂ ಮಿತಿಗಳಿವೆ. ಹಿಮಾಂಕಸ್ ಹೆಣ್ಣು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ, ಬೇರೆ ಕೆಲವು ದುಂಡುಹುಳುಗಳು ಕೆಲವೇ ನೂರು ಇಡುತ್ತವೆ. ಅವುಗಳ ಮೊಟ್ಟೆಗಳೋ ನೋಡಲು ಒಂದೇ ಥರ. ಯಾವುದೆಂದು ಖಚಿತವಾಗಿ ಹೇಳಬೇಕಾದರೆ ಹಿಕ್ಕೆಯನ್ನು ವಾರದ ಮಟ್ಟಿಗೆ ಬೆಚ್ಚಗೆ, ತೇವವಾಗಿ ಇಟ್ಟು ಮರಿಹುಳುಗಳನ್ನು ಬೆಳೆಸಿ ಗುರುತಿಸಬೇಕು. ಇನ್ನೂ ಬಲಿಯದ ಹುಳು ಮೊಟ್ಟೆಯನ್ನೇ ಇಡುವುದಿಲ್ಲ. ಚಪ್ಪಟೆ ಹುಳುಗಳ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲದು. ಅದಕ್ಕೆ ಸಗಣಿಯನ್ನು ಬರೀ ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ತಳಕ್ಕೆ ಇಳಿದದ್ದನ್ನು ನೋಡಬೇಕು. ಪಿತ್ತಜನಕಾಂಗದ ಹುಳುವಿನ ಮೊಟ್ಟೆ ಹೊಂಬಣ್ಣದ್ದು, ಮೆಲುಕು ಹೊಟ್ಟೆಯ ಚಪ್ಪಟೆ ಹುಳುವಿನ ಮೊಟ್ಟೆಗೆ ಬಣ್ಣವಿಲ್ಲ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಮೆಲುಕು ಹೊಟ್ಟೆಯ ಈ ಹುಳುವಿನ ವಿಷಯದಲ್ಲಿ ವೈದ್ಯರೂ ಮೋಸಹೋಗುವುದುಂಟು. ದೊಡ್ಡ ಹುಳುಗಳು ಮೆಲುಕು ಹೊಟ್ಟೆಯಲ್ಲಿ ಸಾವಿರಗಟ್ಟಲೆ ಇದ್ದರೂ ಹಸುವಿಗೆ ಅಷ್ಟೇನೂ ತೊಂದರೆಯಿಲ್ಲ. ಕೊಲ್ಲುವುದು ಮರಿಹುಳು. ಮೇವಿನ ಜೊತೆ ಹೊಟ್ಟೆ ಸೇರಿದ ಅವು ಮೇಲಕ್ಕೆ ಹೋಗುವ ಮುನ್ನ ಕೆಲವು ವಾರ ಸಣ್ಣ ಕರುಳಿನ ಗೋಡೆಯನ್ನು ಕೊರೆಯುತ್ತ ಕೂರುತ್ತವೆ. ಆಗ ನೀರಿನಂಥ, ದುರ್ವಾಸನೆಯ ಭೇದಿ. ಸಗಣಿ ಪರೀಕ್ಷೆಯಲ್ಲಿ ಮೊಟ್ಟೆ ಇಲ್ಲ ಎಂದು ಬರುತ್ತದೆ, ಏಕೆಂದರೆ ಮೊಟ್ಟೆ ಇಡುವ ವಯಸ್ಸು ಅವಕ್ಕಿನ್ನೂ ಬಂದಿಲ್ಲ. ಕೆರೆ ಬತ್ತಿದಾಗ ಅಂಚಿನಲ್ಲಿ ಚಿಗುರಿದ ಹಸಿರಿಗೆ ಬಿಟ್ಟಿದ್ದರೇ ಎಂದು ಕೇಳಬೇಕು. ಭೇದಿಯನ್ನು ತೊಳೆದು ಬಿಳಿ ತಟ್ಟೆಯಲ್ಲಿ ಹರಡಿ ಗುಲಾಬಿ ಬಣ್ಣದ ಪುಟ್ಟ ಮರಿಹುಳುಗಳಿವೆಯೇ ಹುಡುಕಬೇಕು. ಸತ್ತ ಪ್ರಾಣಿಯಿದ್ದರೆ ಕರುಳನ್ನು ಸೀಳಿ ನೋಡಬೇಕು. ಆಕ್ಸಿಕ್ಲೋಜನೈಡ್ ಸಮಯಕ್ಕೆ ಬಿದ್ದರೆ ಉಳಿದವು ಬದುಕುತ್ತವೆ.

ಈ ಚಪ್ಪಟೆ ಹುಳುಗಳಿಗೆಲ್ಲ ನಡುವಿನ ಮನೆ ಬಸವನಹುಳು. ಅದೇ ನೀರಿನಿಂದ ಬರುವ ಇನ್ನೊಂದು ಕಾಯಿಲೆ ಗೊರಕೆ ರೋಗ. ಹಸುವಿನ ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆದು ಉಸಿರಾಡುವಾಗ ದೊಡ್ಡ ಸದ್ದು ಬರುತ್ತದೆ. ಕಾರಣವಾದ ಷಿಸ್ಟೋಸೋಮಾ ನೇಸೇಲ್ ಹುಳುವನ್ನು 1933ರಲ್ಲಿ ಮದರಾಸಿನಲ್ಲಿ ಎಂ. ಅನಂತನಾರಾಯಣ ರಾವ್ ವಿವರಿಸಿದರು. ಇದರ ಮೊಟ್ಟೆಯನ್ನು ಹುಡುಕಬೇಕಾದದ್ದು ಸಗಣಿಯಲ್ಲಲ್ಲ, ಮೂಗಿನ ಸಿಂಬಳದಲ್ಲಿ. ಎಮ್ಮೆಗಳು ಬಹುಪಾಲು ಲಕ್ಷಣ ತೋರದೆ ಈ ಹುಳುವನ್ನು ಹೊತ್ತು ತಿರುಗುತ್ತವೆ. ಹಾಗಾಗಿ ಗೊರಕೆ ಹೊಡೆಯುವ ಹಸುವಿಗೆ ಮಾತ್ರ ಚಿಕಿತ್ಸೆ ಮಾಡಿ ಅದೇ ಹೊಂಡಕ್ಕೆ ಇಳಿಯುವ ಎಮ್ಮೆಯನ್ನು ಬಿಟ್ಟರೆ ಕಾಯಿಲೆ ಊರಿನಲ್ಲೇ ಉಳಿಯುತ್ತದೆ.

ಎಮ್ಮೆಯ ಕರುವಿನ ಮಾತು ಇಲ್ಲಿ ಬರಲೇಬೇಕು. ಟಾಕ್ಸೋಕಾರಾ ವಿಟುಲೋರಂ ಎಂಬ ದೊಡ್ಡ ದುಂಡುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಕರುವನ್ನು ಸೇರುತ್ತವೆ. ಕೊಟ್ಟಿಗೆ ಎಷ್ಟು ಸ್ವಚ್ಛವಾಗಿದ್ದರೂ ತಪ್ಪಿದ್ದಲ್ಲ. ಮಣ್ಣಿನ ಬಣ್ಣದ, ಕಮಟು ವಾಸನೆಯ ಭೇದಿ, ಉಬ್ಬಿದ ಹೊಟ್ಟೆ, ಒರಟು ಕೂದಲು ಕಾಣಿಸಿಕೊಳ್ಳುವಷ್ಟರಲ್ಲಿ ಕರುಳು ಹುಳುಗಳಿಂದ ತುಂಬಿರುತ್ತದೆ. ಹುಟ್ಟಿದ ಹತ್ತನೆಯ ದಿನದಿಂದ ಹದಿನಾರನೆಯ ದಿನದೊಳಗೆ ಒಂದು ಸಲ ಪೈಪರಜೀನ್ ಅಥವಾ ಪೈರಂಟೆಲ್ ಕುಡಿಸಿದರೆ ಹುಳು ಬಲಿಯುವ ಮೊದಲೇ ಹೊರಬೀಳುತ್ತದೆ. ಪರೀಕ್ಷೆಗೆ ಕಾಯದೆ ಔಷಧಿ ಕೊಡಬೇಕು ಎಂದು ನಾನು ಧೈರ್ಯವಾಗಿ ಹೇಳುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ರಕ್ತದ ಪರಾವಲಂಬಿಗಳ ಕಡೆ ತಿರುಗಿದರೆ ಎಲ್ಲಕ್ಕಿಂತ ಹೆಚ್ಚು ಹಸುಗಳನ್ನು ನುಂಗುತ್ತಿರುವುದು ಥೈಲೀರಿಯಾ. ಹಯಲೋಮಾ ಜಾತಿಯ ಉಣುಗು, ಬಯಲುಸೀಮೆಯವರ ಮಾತಿನಲ್ಲಿ ಉಣ್ಣಿ, ಇದನ್ನು ಹರಡುತ್ತದೆ. ನಾಟಿ ಹಸು ಬಹುತೇಕ ಇದನ್ನು ತಾಳಿಕೊಳ್ಳುತ್ತದೆ. ಹೋಲ್‌ಸ್ಟೀನ್, ಜರ್ಸಿ ರಕ್ತ ಹೆಚ್ಚಿದಂತೆ ಹೊಡೆತವೂ ಹೆಚ್ಚು. ಸಾಲ ಮಾಡಿ ತಂದ ಮಿಶ್ರತಳಿ ಹಸು ಹೀಗೆ ಹೋದರೆ ಮನೆಯ ಆದಾಯವೇ ನಿಂತುಹೋಗುತ್ತದೆ. 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಭುಜದ ಮುಂದೆ ಕೈಗೆ ಸಿಗುವಷ್ಟು ಊದಿಕೊಂಡ ದುಗ್ಧಗ್ರಂಥಿ, ಕಣ್ಣಲ್ಲಿ ನೀರು, ಹಾಲು ಸೋರಿಹೋದಂತೆ ಇಳಿಕೆ. ಆ ಊದಿದ ಗ್ರಂಥಿಯೇ ಪತ್ತೆಯ ದಾರಿ. ಅದಕ್ಕೆ ಸೂಜಿ ಚುಚ್ಚಿ ಬಂದ ರಸವನ್ನು ಗಾಜಿನ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿ ನೋಡಿದರೆ ಬಿಳಿ ರಕ್ತಕಣಗಳ ಒಳಗೆ ನೀಲಿ ಮುದ್ದೆಗಳು, ಅವುಗಳಲ್ಲಿ ಕೆಂಪು ಚುಕ್ಕೆಗಳು ಕಾಣುತ್ತವೆ. ರಾಬರ್ಟ್ ಕಾಕ್ ಹೆಸರಿನಿಂದಲೇ ಇವು ಇಂದಿಗೂ ಪ್ರಸಿದ್ಧ. ಕೆಂಪು ರಕ್ತಕಣದಲ್ಲಿ ಪರಾವಲಂಬಿ ಕಾಣಿಸಿಕೊಳ್ಳುವುದು ಆಮೇಲೆ. ಆ ಹೊತ್ತಿಗೆ ಹಸು ರಕ್ತ ಕಳೆದುಕೊಳ್ಳಲು ಶುರುಮಾಡಿರುತ್ತದೆ. ಬುಪಾರ್ವಕ್ವೋನ್ ಎಂಬ ಔಷಧಿ, ಕಿಲೋ ತೂಕಕ್ಕೆ 2.5 ಮಿಲಿಗ್ರಾಂನಂತೆ ಸ್ನಾಯುವಿಗೆ ಕೊಟ್ಟರೆ, ರೋಗದ ಆರಂಭದಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ತಡವಾದಷ್ಟೂ ಅದರ ಕೈ ಸೋಲುತ್ತದೆ, ರಕ್ತ ಏರಿಸುವ ಸ್ಥಿತಿ ಬರುತ್ತದೆ. ಭಾರತದಲ್ಲೇ ತಯಾರಾಗುವ ಲಸಿಕೆಯೂ ಇದೆ, ರಕ್ಷಾವ್ಯಾಕ್-ಟಿ. ಜೀವಕೋಶಗಳಲ್ಲಿ ಬೆಳೆಸಿ ದುರ್ಬಲಗೊಳಿಸಿದ ಪರಾವಲಂಬಿಯೇ ಅದರಲ್ಲಿರುವುದರಿಂದ ದ್ರವ ಸಾರಜನಕದಲ್ಲೇ ಸಾಗಿಸಬೇಕು. ಹಳ್ಳಿಗೆ ಅದು ಸುಲಭವಾಗಿ ಬರದಿರಲು ಇದೂ ಒಂದು ಕಾರಣ. ಆದರೆ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳು ದ್ರವ ಸಾರಜನಕದ ಡಬ್ಬಿಯಲ್ಲೇ ಮೂಲೆಮೂಲೆಯ ಹಳ್ಳಿಗೂ ಹೋಗುತ್ತಿರುವಾಗ ಲಸಿಕೆಗೆ ದಾರಿ ಇಲ್ಲ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಉಣುಗೇ ಹರಡುವ ಇನ್ನೊಂದು ಪರಾವಲಂಬಿ ಬೆಬೀಸಿಯಾ ಬೈಜೆಮಿನಾ ಬಂದ ಹಸು ಕಾಫಿ ಬಣ್ಣದ ಮೂತ್ರ ಮಾಡುತ್ತದೆ. ಉಣುಗು ಕಾಯಿಲೆಯನ್ನು ಹರಡಬಲ್ಲದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ ರೋಗ ಇದು. ಅಮೆರಿಕದಲ್ಲಿ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಅದನ್ನು ಸಾಧಿಸಿದರು. ಡೈಮಿನಜೀನ್ ಚುಚ್ಚುಮದ್ದಿಗೆ ಇದು ಬೇಗ ಬಗ್ಗುತ್ತದೆ. ಆದರೆ ಕೆಂಪು ಮೂತ್ರವೆಲ್ಲ ಬೆಬೀಸಿಯಾ ಅಲ್ಲ. ಕರು ಹಾಕಿದ ಹೊಸತರಲ್ಲಿ ರಂಜಕದ ಕೊರತೆಯಿಂದ ಎಮ್ಮೆಗಳಲ್ಲಿ ಹೀಗಾಗುತ್ತದೆ, ಗುಡ್ಡಗಾಡಿನ ಜರಿಗಿಡ ಮೇಯ್ದ ದನಗಳಲ್ಲಿ ಮೂತ್ರದಲ್ಲಿ ರಕ್ತವೇ ಬರುತ್ತದೆ. ರಂಜಕ ಬೇಕಾದ ಎಮ್ಮೆಗೆ ಡೈಮಿನಜೀನ್ ಕೊಟ್ಟು ಕಾಯುತ್ತ ಕೂತರೆ ಎಮ್ಮೆ ಉಳಿಯುವುದಿಲ್ಲ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಲು ಅರ್ಧ ಗಂಟೆಯೂ ಬೇಡ.

ರಕ್ತದಲ್ಲಿ ಪರಾವಲಂಬಿ ಕಂಡ ಮಾತ್ರಕ್ಕೆ ಅದೇ ಕಾಯಿಲೆಗೆ ಕಾರಣ ಎನ್ನುವುದೂ ತಪ್ಪು. ಒಮ್ಮೆ ಸೋಂಕು ತಗುಲಿ ಗುಣವಾದ ದನಗಳ ರಕ್ತದಲ್ಲಿ ಥೈಲೀರಿಯಾ, ಬೆಬೀಸಿಯಾ ಅಲ್ಪಸ್ವಲ್ಪ ಉಳಿದುಕೊಂಡೇ ಇರುತ್ತವೆ. ಪಿಸಿಆರ್ ಪರೀಕ್ಷೆ ಅಷ್ಟನ್ನೂ ಹಿಡಿಯುತ್ತದೆ. ಜ್ವರವಿಲ್ಲದ, ರಕ್ತಹೀನತೆಯಿಲ್ಲದ ಹಸುವಿನ ಪಿಸಿಆರ್ ವರದಿ ಹಿಡಿದು ದುಬಾರಿ ಚುಚ್ಚುಮದ್ದು ಕೊಡಿಸುವುದು ವರದಿಗೆ ಮಾಡಿದ ಚಿಕಿತ್ಸೆ, ಹಸುವಿಗಲ್ಲ.

ಸುರ್ರಾ ರೋಗದ ಟ್ರಿಪನೋಸೋಮಾ ಇವಾನ್ಸಿಯನ್ನು ಗ್ರಿಫಿತ್ ಇವಾನ್ಸ್ 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡರು. ರೋಗಕಾರಕ ಟ್ರಿಪನೋಸೋಮಾ ಒಂದು ಜಗತ್ತಿನಲ್ಲಿ ಪತ್ತೆಯಾದದ್ದು ಅದೇ ಮೊದಲು. ಕಚ್ಚುವ ನೊಣಗಳು ಇದನ್ನು ಸಾಗಿಸುತ್ತವೆ. ಹಸಿ ರಕ್ತದ ಹನಿಯನ್ನು ಗಾಜಿನ ಕೆಳಗೆ ಇಟ್ಟರೆ ಕೆಂಪು ಕಣಗಳನ್ನು ತಳ್ಳಿಕೊಂಡು ಈಜುವ ಪರಾವಲಂಬಿ ಕಾಣುತ್ತದೆ. ಕುದುರೆ, ನಾಯಿಗಳಲ್ಲಿ ಹೀಗೆ ಹಿಡಿಯುವುದು ಸುಲಭ, ದನಗಳಲ್ಲಿ ಸಂಖ್ಯೆ ಕಡಿಮೆಯಾದ್ದರಿಂದ ಕಷ್ಟ. ಮನುಷ್ಯರಿಗೆ ಇದು ತಗುಲದು ಎಂಬ ನಂಬಿಕೆ ಬಹುಕಾಲ ಇತ್ತು. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರ ರಕ್ತದಲ್ಲಿ ಅದು ಸಿಕ್ಕಿತು. ಈ ಪರಾವಲಂಬಿಯನ್ನು ಕೊಲ್ಲುವ ಒಂದು ರಕ್ತದ ಅಂಶ ಅವರಲ್ಲಿ ಹುಟ್ಟಿನಿಂದಲೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಉಣುಗಿನ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ಹಸುವಿನ ಮೈಯನ್ನು ಮಾತ್ರ ನೋಡುವುದು. ಹಸುವಿನ ಕೆಚ್ಚಲು, ಬಾಲದ ಬುಡ, ಕಿವಿಯಲ್ಲಿ ಕಾಣುವುದು ಒಟ್ಟು ಉಣುಗುಗಳ ಒಂದು ಪಾಲು ಅಷ್ಟೇ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು, ಸಂದಿಯೊಂದರಲ್ಲಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಥೈಲೀರಿಯಾ ಹರಡುವ ಹಯಲೋಮಾ ಕೊಟ್ಟಿಗೆ ಗೋಡೆಯ ಬಿರುಕು, ಗೊಂತಿನ ಅಡಿಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ಹಾಗಾಗಿ ಬಿರುಕು ಮುಚ್ಚಿ ಸುಣ್ಣ ಬಳಿಯುವುದು, ಕೊಟ್ಟಿಗೆಗೂ ಸಿಂಪಡಿಸುವುದು, ಹೊಸದಾಗಿ ತಂದ ಹಸುವನ್ನು ಬೇರೆ ಕಟ್ಟಿ ಮೈ ತಡವಿ ನೋಡುವುದು ಔಷಧಿಯಷ್ಟೇ ಮುಖ್ಯ. ಸಿಂಪರಣಾ ಔಷಧಿಯನ್ನು ಅಂದಾಜಿನಲ್ಲಿ ತೆಳ್ಳಗೆ ಕಲಸಿ, ಬೆನ್ನಿನ ಮೇಲೆ ಮಾತ್ರ ಚಿಮುಕಿಸಿದ್ದರ ಫಲವಾಗಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗೆ ಸಾಯದ ಉಣುಗುಗಳು ದೇಶದ ಹಲವು ಕಡೆ ಈಗಾಗಲೇ ಇವೆ. ಮಲೆನಾಡಿನಲ್ಲಿ ಈ ಮಾತು ಹಸುವಿಗಷ್ಟೇ ನಿಲ್ಲುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಬೆಳಕಿಗೆ ಬಂದ ಮಂಗನ ಕಾಯಿಲೆ ವೈರಸ್ಸಿನಿಂದ ಬರುವಂಥದ್ದು, ಆದರೆ ಅದನ್ನು ಮನುಷ್ಯರಿಗೆ ದಾಟಿಸುವ ಹೀಮಫೈಸಾಲಿಸ್ ಉಣುಗಿನ ದೊಡ್ಡವು ಹೊಟ್ಟೆ ಹೊರೆಯುವುದು ಕಾಡಂಚಿನಲ್ಲಿ ಮೇಯುವ ದನಗಳ ಮೇಲೆ. ಅಲ್ಲಿ ಹಸುವಿನ ಉಣುಗು ನಿಯಂತ್ರಣ ಮನೆಮಂದಿಯ ಆರೋಗ್ಯದ ಕೆಲಸವೂ ಹೌದು.

ನಗರದ ನಾಯಿಗಳಲ್ಲಿ "ಟಿಕ್ ಫೀವರ್" ಎಂಬ ಒಂದೇ ಹೆಸರಿನಡಿ ಮೂರು ನಾಲ್ಕು ಬೇರೆ ಬೇರೆ ರೋಗಗಳು ಓಡಾಡುತ್ತವೆ. ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ. ರಕ್ತದ ಕಿರುಬಿಲ್ಲೆಗಳು ಕುಸಿದು ಮೂಗಿನಿಂದ ರಕ್ತ ಬರಬಹುದು, 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಬೆಬೀಸಿಯಾ ಗಿಬ್ಸೋನಿ ಏಕಕೋಶ ಜೀವಿ. 1910ರಲ್ಲಿ ಪ್ಯಾಟನ್ ಇದನ್ನು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಗುರುತಿಸಿದರು. ಅದಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ದೊಡ್ಡ ಬೆಬೀಸಿಯಾಗಳನ್ನು ಮಣಿಸುವ ಡೈಮಿನಜೀನ್ ಕೂಡ ಪೂರ್ತಿ ಕೆಲಸ ಮಾಡದು. ಅಟೊವಕ್ವೋನ್ ಮತ್ತು ಅಜಿತ್ರೋಮೈಸಿನ್ ಜೋಡಿ ಬೇಕಾಗುತ್ತದೆ, ಅದು ದುಬಾರಿ. ಎರಡೂ ಒಟ್ಟಿಗೆ ಇರುವ ನಾಯಿಗಳೂ ಉಂಟು. ರಕ್ತಲೇಪ ನೋಡದೆ "ಟಿಕ್ ಫೀವರಿಗೆ ಮಾತ್ರೆ" ಕೊಟ್ಟು ಎರಡು ವಾರ ಕಳೆದರೆ ಗಿಬ್ಸೋನಿ ಹಿಡಿದ ನಾಯಿಯ ರಕ್ತ ಅರ್ಧಕ್ಕೆ ಇಳಿದಿರುತ್ತದೆ.

ನಾಯಿಮರಿಗಳಿಗೆ ಹುಳು ತಾಯಿಯಿಂದಲೇ ಬರುತ್ತದೆ. ಟಾಕ್ಸೋಕಾರಾ ಗರ್ಭದಲ್ಲೇ ದಾಟುತ್ತದೆ, ಕೊಕ್ಕೆಹುಳು ಹಾಲಿನಲ್ಲಿ. ಕೊಕ್ಕೆಹುಳುವಿನಿಂದ ಬಿಳುಚಿದ ಮರಿ ಮಲದಲ್ಲಿ ಮೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಸಾಯಬಹುದು. ಆದ್ದರಿಂದ ಮರಿಗೆ ಎರಡು ವಾರವಾದಾಗಿನಿಂದ ಎರಡೆರಡು ವಾರಕ್ಕೊಮ್ಮೆ ಔಷಧಿ, ಜೊತೆಗೆ ತಾಯಿಗೂ. ಎಮ್ಮೆಯ ಕರುವಿನಂತೆ ಇಲ್ಲೂ ಪರೀಕ್ಷೆಗೆ ಕಾಯಬಾರದು. ದೊಡ್ಡ ನಾಯಿಯ ಹಿಂಭಾಗದಲ್ಲಿ ಅಕ್ಕಿಕಾಳಿನಂಥ ತುಣುಕು ಪದೇ ಪದೇ ಕಂಡರೆ ಚಿಗಟ ಹುಡುಕಬೇಕು. ಆ ಲಾಡಿಹುಳು ಚಿಗಟವನ್ನು ನುಂಗಿದಾಗ ಬರುವಂಥದ್ದು, ಚಿಗಟ ಉಳಿದಿರುವವರೆಗೆ ಮಾತ್ರೆ ಎಷ್ಟು ಹಾಕಿದರೂ ಮರಳಿ ಬರುತ್ತದೆ. ಕಜ್ಜಿಯಲ್ಲೂ ಎರಡು ಬಗೆ. ಸಾರ್ಕಾಪ್ಟಿಸ್ ನುಸಿ ಅಂಟುವಂಥದ್ದು, ವಿಪರೀತ ತುರಿಕೆ, ಆದರೆ ಚರ್ಮ ಕೆರೆದು ನೋಡಿದಾಗ ಅನೇಕ ಸಲ ಕೈಗೆ ಸಿಗುವುದಿಲ್ಲ. ಡೆಮೊಡೆಕ್ಸ್ ಕೂದಲಬುಡದ ನುಸಿ, ಚರ್ಮವನ್ನು ಹಿಂಡಿ ರಕ್ತ ಜಿನುಗುವಷ್ಟು ಆಳವಾಗಿ ಕೆರೆದರೆ ಸಿಗುತ್ತದೆ. ಅದು ಇನ್ನೊಂದು ನಾಯಿಗೆ ಅಂಟುವ ಭಯವಿಲ್ಲ. ಫ್ಲುರಲನರ್, ಅಫಾಕ್ಸೊಲನರ್‌ನಂಥ ಮಾತ್ರೆಗಳು ಬಂದ ಮೇಲೆ ತಿಂಗಳುಗಟ್ಟಲೆ ಎಳೆಯುತ್ತಿದ್ದ ಈ ಚಿಕಿತ್ಸೆ ಬಹಳ ಹಗುರಾಗಿದೆ. ಫಿಟ್ಸ್ ಬರುವ ನಾಯಿಗೆ ಮಾತ್ರ ಇವನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಒಂದು ಪ್ರಾಣಿಗೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿಗಳನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ನಡುಗುತ್ತ, ಸೆಟೆದುಕೊಂಡು ಸಾಯಬಹುದು. ಕೋಲಿ ತಳಿಯ ಅನೇಕ ನಾಯಿಗಳಲ್ಲಿ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ಅವಕ್ಕೆ ಕೊಡುವುದು ಜೀವದ ಜೊತೆ ಆಟ.

ಕುರಿಗಾಹಿಯ ನಾಯಿಗೂ ಕುರಿಗೂ ನಡುವೆ ಓಡಾಡುವ ಎರಡು ಲಾಡಿಹುಳುಗಳಿವೆ, ಅವು ಮನುಷ್ಯರನ್ನೂ ಬಿಡುವುದಿಲ್ಲ. ಕುರಿ ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತು ಹಾಕುತ್ತದೆ, ಒಂದು ಕಣ್ಣು ಮಸುಕಾಗುತ್ತದೆ, ತಲೆಬುರುಡೆ ಒಂದೆಡೆ ಮೆತ್ತಗಾಗುತ್ತದೆ. ಮಿದುಳಿನಲ್ಲಿ ಟೀನಿಯಾ ಮಲ್ಟಿಸೆಪ್ಸ್ ಎಂಬ ಹುಳುವಿನ ನೀರುಗುಳ್ಳೆ ಬೆಳೆದಿದೆ ಎಂದರ್ಥ. ಮೆತ್ತಗಾದ ಜಾಗದಲ್ಲಿ ಬುರುಡೆ ತೆರೆದು ಗುಳ್ಳೆಯನ್ನು ಇಡಿಯಾಗಿ ಹೊರತೆಗೆದರೆ ಕುರಿ ಎದ್ದು ಮೇಯುತ್ತದೆ, ನುರಿತ ಕೈ ಬೇಕು. ಹೆಚ್ಚಿನವರು ಮಾಡುವುದು ಕುರಿಯನ್ನು ಕೊಯ್ದು ತಲೆಯನ್ನು ನಾಯಿಗೆ ಎಸೆಯುವುದು. ಅಲ್ಲಿಗೆ ಹುಳುವಿನ ಸುತ್ತು ಪೂರ್ತಿಯಾಯಿತು. ಆ ನಾಯಿಯ ಮಲ ಬಿದ್ದ ಹುಲ್ಲಿನಿಂದ ಮುಂದಿನ ಹಂಗಾಮಿನಲ್ಲಿ ಇನ್ನಷ್ಟು ಕುರಿಗಳು ಸುತ್ತುತ್ತವೆ. ಎಕೈನೋಕಾಕಸ್ ಹುಳುವೂ ಹೀಗೆಯೇ, ಕುರಿಯ ಶ್ವಾಸಕೋಶ, ಪಿತ್ತಜನಕಾಂಗದ ಗುಳ್ಳೆಗಳನ್ನು ನಾಯಿ ತಿಂದಾಗ ಮುಂದುವರಿಯುತ್ತದೆ. ಆ ನಾಯಿಯನ್ನು ಮುದ್ದಾಡಿದ ಮಗುವಿನ ಪಿತ್ತಜನಕಾಂಗದಲ್ಲೂ ಅದೇ ಗುಳ್ಳೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ನಾಯಿಗೆ ಕಿಲೋಗೆ 5 ಮಿಲಿಗ್ರಾಂನಂತೆ ಪ್ರಾಜಿಕ್ವಾಂಟೆಲ್ ಕಾಲಕಾಲಕ್ಕೆ ಕೊಡುವುದು, ತಲೆ ಮತ್ತು ಒಳಭಾಗಗಳನ್ನು ಆಳವಾಗಿ ಹೂಳುವುದು ಅಥವಾ ಚೆನ್ನಾಗಿ ಬೇಯಿಸುವುದು, ಪರಿಹಾರ ಇಷ್ಟೇ.

ಇನ್ನು ಔಷಧಿಗಳ ಮಾತು. ಐವರ್‌ಮೆಕ್ಟಿನ್‌ನ ಮೂಲ ಜಪಾನಿನ ಕವಾನಾ ಬಳಿಯ ಮಣ್ಣಿನಲ್ಲಿ ಸತೋಷಿ ಓಮುರಾ ಕಂಡುಹಿಡಿದ ಸೂಕ್ಷ್ಮಜೀವಿ. ಅದನ್ನು ಔಷಧಿಯಾಗಿಸಿದ ವಿಲಿಯಂ ಕ್ಯಾಂಪ್‌ಬೆಲ್ ಜೊತೆ ಓಮುರಾ ಅವರಿಗೆ 2015ರ ನೊಬೆಲ್ ಬಂತು. 1981ರಲ್ಲಿ ಮಾರುಕಟ್ಟೆಗೆ ಬಂದಾಗ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಸಾಕಾಗುವ ಇಂಥ ಔಷಧಿ ಹಿಂದೆ ಯಾರೂ ಕಂಡಿರಲಿಲ್ಲ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಲೆವಮಿಸೋಲ್ ಅದಕ್ಕೂ ಹಿಂದಿನ ಗುಂಪುಗಳು. ಚಪ್ಪಟೆ ಹುಳುವಿನ ಮರಿಗಳಿಗೆ ಟ್ರೈಕ್ಲಾಬೆಂಡಜೋಲ್. ಹಿಮಾಂಕಸ್ಸಿಗೂ ಪಿತ್ತಜನಕಾಂಗದ ಹುಳುವಿಗೂ ಆಗುವ ಕ್ಲೋಸಾಂಟೆಲ್ ಒಳ್ಳೆಯದೇ, ಆದರೆ ಪ್ರಮಾಣ ಮೀರಿದರೆ ಕುರಿ ಮೇಕೆಗಳ ಕಣ್ಣೇ ಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ, ಮರಿ ವಿಕಾರವಾಗಬಹುದು. ಹಾಲು ಕೊಡುವ ಹಸುವಿಗೆ ಐವರ್‌ಮೆಕ್ಟಿನ್ ಚುಚ್ಚಿದರೆ ಔಷಧಿಯ ಅಂಶ ಎಷ್ಟೋ ದಿನ ಹಾಲಿನಲ್ಲಿ ಇಳಿಯುತ್ತದೆ, ಸಗಣಿಯಲ್ಲೂ ಹೋಗಿ ಸಗಣಿಯನ್ನು ಮಣ್ಣಿಗೆ ಸೇರಿಸುವ ಜೀರುಂಡೆಗಳ ಮರಿಗಳನ್ನು ಕೊಲ್ಲುತ್ತದೆ.

ಅಲ್ಬೆಂಡಜೋಲ್ ಗುಂಪಿಗೆ ಸಾಯದ ಹಿಮಾಂಕಸ್ ಭಾರತದಲ್ಲಿ ದಶಕಗಳಿಂದ ಇದೆ, ಉಳಿದವಕ್ಕೂ ಬಗ್ಗದವು ಬರುತ್ತಿವೆ. ಇದಕ್ಕೆ ಕಾರಣ ನಮ್ಮ ಅಭ್ಯಾಸಗಳೇ. ತೂಕ ನೋಡದೆ ಕಣ್ಣಳತೆಯಲ್ಲಿ ಗೊಟ್ಟಕ್ಕೆ ಸುರಿದು ಕುಡಿಸುತ್ತೇವೆ. ಮೇಕೆಗೆ ಕುರಿಯ ಪ್ರಮಾಣವನ್ನೇ ಕೊಡುತ್ತೇವೆ. ಮೇಕೆಯ ದೇಹ ಈ ಔಷಧಿಗಳನ್ನು ಬೇಗ ಹೊರಹಾಕುವುದರಿಂದ ಅದಕ್ಕೆ ಲೆವಮಿಸೋಲ್ ಒಂದೂವರೆ ಪಟ್ಟು, ಅಲ್ಬೆಂಡಜೋಲ್ ಗುಂಪಿನದು ಎರಡು ಪಟ್ಟು ಬೇಕು. ಇದನ್ನು ವೈದ್ಯರ ಲೆಕ್ಕದಲ್ಲೇ ಕೊಡಬೇಕು. ಅರ್ಧಂಬರ್ಧ ಪ್ರಮಾಣದಲ್ಲಿ ಸಾಯುವುದು ದುರ್ಬಲ ಹುಳು, ಉಳಿಯುವುದು ಗಟ್ಟಿ. ಇಡೀ ಮಂದೆಗೆ ಒಂದೇ ದಿನ ಔಷಧಿ ಕುಡಿಸಿ ಆಗಷ್ಟೇ ಚಿಗುರಿದ ಹೊಸ ಹುಲ್ಲುಗಾವಲಿಗೆ ಬಿಟ್ಟರೆ ಆ ನೆಲದಲ್ಲಿ ಹುಟ್ಟುವುದೆಲ್ಲ ಔಷಧಿ ಗೆದ್ದ ಹುಳುಗಳ ಸಂತಾನವೇ. ರೆಪ್ಪೆ ನೋಡಿ ಬಿಳುಚಿದವಕ್ಕೆ ಮಾತ್ರ ಔಷಧಿ ಕೊಡುವುದರ ದೊಡ್ಡ ಲಾಭ ಇದು. ಉಳಿದ ಕುರಿಗಳಲ್ಲಿ ಔಷಧಿಗೆ ಇನ್ನೂ ಬಗ್ಗುವ ಹುಳುಗಳು ಉಳಿದುಕೊಂಡು ಗಟ್ಟಿ ಹುಳುಗಳ ಜೊತೆ ಬೆರೆಯುತ್ತವೆ, ಔಷಧಿಯ ಆಯಸ್ಸು ಹೆಚ್ಚುತ್ತದೆ. ಹುಳುವನ್ನು ಬೇಕೆಂದೇ ಸ್ವಲ್ಪ ಉಳಿಸುವುದು ಎಂಬ ಮಾತನ್ನು ಕುರಿಗಾಹಿಗಳಿಗೆ ಒಪ್ಪಿಸುವುದು ಸುಲಭವಲ್ಲ, ಆದರೂ ಒಪ್ಪಿಸಬೇಕು.

ಔಷಧಿಯಿಲ್ಲದ ದಾರಿಗಳೂ ಇವೆ. ಮರಿಹುಳುಗಳು ಇಬ್ಬನಿಯ ಹುಲ್ಲಿನ ಮೇಲೆ ಹತ್ತುವುದರಿಂದ ಇಬ್ಬನಿ ಆರಿದ ಮೇಲೆ ಮಂದೆ ಬಿಡುವುದು, ಮೇಕೆಗೆ ಗಿಡದ ಸೊಪ್ಪು ಮೇಯಲು ಅವಕಾಶ ಕೊಡುವುದು, ಕೆರೆಯಂಚನ್ನು ತಪ್ಪಿಸುವುದು ಹಳೆಯ ಕುರಿಗಾಹಿಗಳಿಗೆ ತಿಳಿದದ್ದೇ. ಊರಿಂದೂರಿಗೆ ಹೊಲದಲ್ಲಿ ಮಂದೆ ನಿಲ್ಲಿಸುತ್ತ ಸಾಗುವ ಕುರಿಗಳು ತಮ್ಮ ಹುಳುಗಳನ್ನು ಹಿಂದೆಯೇ ಬಿಟ್ಟು ಹೋಗುತ್ತವೆ. ಒಂದೇ ಕಡೆ ನಿಂತ ಮಂದೆಗೆ ಆ ಅನುಕೂಲವಿಲ್ಲ. ಆಸ್ಟ್ರೇಲಿಯಾದಲ್ಲಿ 2014ರಿಂದ ಹಿಮಾಂಕಸ್ಸಿಗೆ ಬಾರ್ಬರ್‌ವ್ಯಾಕ್ಸ್ ಎಂಬ ಲಸಿಕೆ ಬಳಕೆಯಲ್ಲಿದೆ, ಹಂಗಾಮಿನಲ್ಲಿ ಹಲವು ಸಲ ಚುಚ್ಚಬೇಕು. ಬೇವಿನೆಣ್ಣೆ ಉಣುಗು, ಹೇನುಗಳನ್ನು ದೂರವಿಡಲು ನೆರವಾಗುತ್ತದೆ, ಆದರೆ ಬಿಳುಚಿದ ಕುರಿಯನ್ನು ಸೊಪ್ಪಿನ ರಸದ ಮೇಲೆ ಬಿಡುವುದು ತಪ್ಪು. ಕಜ್ಜಿಗೆ ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಬಳಿಯುವುದಂತೂ ಪ್ರಾಣಿಗೆ ಹಿಂಸೆ.

ಕರ್ನಾಟಕಕ್ಕೆ ಇದೆಲ್ಲ ಕೈಗೆಟುಕದ್ದಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇವೆ, ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಯಲಹಂಕದ ನಿವೇದಿ ಸಂಸ್ಥೆ ದೇಶದ ಯಾವ ಜಿಲ್ಲೆಯಲ್ಲಿ ಮುಂದೆ ಥೈಲೀರಿಯಾ, ಬೆಬೀಸಿಯಾ, ಫ್ಯಾಸಿಯೋಲಾ ಕಾಣಿಸಿಕೊಳ್ಳಬಹುದು ಎಂದು ಮುನ್ಸೂಚನೆ ಕೊಡುತ್ತದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯ ಬರುತ್ತದೆ. ಕೊರತೆ ಇರುವುದು ಇವಕ್ಕೂ ಹಟ್ಟಿಗೂ ನಡುವಿನ ದಾರಿಯಲ್ಲಿ. ರೆಪ್ಪೆಯ ಬಣ್ಣ ನೋಡುವುದನ್ನು ಊರಿನ ಪಶು ಸಖಿಯರಿಗೆ ಕಲಿಸಬಹುದು. ಸಗಣಿಯನ್ನು ನೆಲದಿಂದ ಎತ್ತದೆ ಗುದದ್ವಾರದಿಂದಲೇ ತೆಗೆದು, ಗಾಳಿಯಾಡದಂತೆ ಕಟ್ಟಿ, ತಂಪಾದ ಡಬ್ಬಿಯಲ್ಲಿ ಅಂದೇ ಕಳಿಸಬೇಕು. ಬಿಸಿಲಿಗೆ ಬಿಟ್ಟರೆ ಮೊಟ್ಟೆ ಒಡೆದು ಮರಿಯಾಗಿಬಿಡುತ್ತದೆ, ಹೆಪ್ಪುಗಟ್ಟಿಸಿದರೆ ಮೊಟ್ಟೆ ಹಾಳಾಗುತ್ತದೆ. ರಕ್ತಲೇಪವನ್ನು ತೆಳುವಾಗಿ ಎಳೆದು ಗಾಳಿಗೆ ಒಣಗಿಸಿ, ನೊಣ ಕೂರದಂತೆ ಸುತ್ತಿ ಕೊಡಬೇಕು. ಔಷಧಿ ಕುಡಿಸಿದ ದಿನ ಹತ್ತು ಹನ್ನೆರಡು ಕುರಿಗಳ ಹಿಕ್ಕೆ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಅದೇ ಕುರಿಗಳ ಹಿಕ್ಕೆ ಎಣಿಸಬೇಕು. ಮೊಟ್ಟೆಗಳ ಇಳಿಕೆ ನೂರಕ್ಕೆ 95ಕ್ಕಿಂತ ಕಡಿಮೆಯಿದ್ದರೆ ಆ ಔಷಧಿ ಆ ಹಟ್ಟಿಯಲ್ಲಿ ಸೋಲುತ್ತಿದೆ, ಮುಂದಿನ ಸಲ ಬೇರೆ ಗುಂಪಿನದನ್ನು ಆರಿಸಬೇಕು.